ಹಗುರ ಊಟದ ಜಮಾ-ಖರ್ಚು

ನಲವತ್ತು ದಾಟಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನು ಕೇಳಿ ನೋಡಿ. ಡಾಕ್ಟರು ಏನೆಂದರು ಎಂದರೆ ಹೆಚ್ಚಿನವರದು ಒಂದೇ ಉತ್ತರ: "ಹಗುರ ಊಟ ಮಾಡ್ರಿ ಅಂದ್ರು." ಹಗುರ ಊಟ ಎಂದರೆ ಯಾವುದು, ಎಷ್ಟು, ಯಾರ ಮನೆಯದು ಎಂಬುದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಾಕ್ಟರಿಗೆ ಇರುವುದಿಲ್ಲ, ಹೊರಗೆ ಇನ್ನೂ ಇಪ್ಪತ್ತು ಮಂದಿ ಪಾಳಿಯಲ್ಲಿ ಕುಳಿತಿರುತ್ತಾರೆ. ಅದನ್ನೇ ಇಂದು ನಿಮ್ಮೊಡನೆ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ನಾನು ಅಡುಗೆಯವನಲ್ಲ, ವೈದ್ಯನೂ ಅಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಜಮಾ-ಖರ್ಚು ತಾಳೆ ನೋಡುವುದೊಂದೇ ನನಗೆ ಬರುವ ವಿದ್ಯೆ. ಹಗುರ ಊಟಕ್ಕೆ ಬೇಕಾಗುವುದೂ ಬಹುಪಾಲು ಅದೇ ಎಂದು ನನ್ನ ಅಭಿಪ್ರಾಯ.

ಹಗುರ ಅಡುಗೆಗೆಂದೇ ಬರೆದ ಪುಸ್ತಕಗಳು ಈಗ ಬೇಕಾದಷ್ಟಿವೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎಷ್ಟೋ ಕನ್ನಡ ಮನೆಗಳ ಮಾಡದಲ್ಲಿ ಕಮಲಾಬಾಯಿ ಓಗಲೆಯವರ 'ರುಚಿರಾ' ಇರುವುದನ್ನು ನಾನು ಕಂಡಿದ್ದೇನೆ. ಅದು 1970ರಲ್ಲಿ ಬಂದ ಮರಾಠಿ ಪುಸ್ತಕ, ಎಲ್ಲ ಬಗೆಯ ಅಡುಗೆಯೂ ಅದರಲ್ಲಿದೆ. ಕಡಿಮೆ ಕ್ಯಾಲರಿಯ ಅಡುಗೆ ಎಂದು ಬೇರೆಯಾಗಿ ಪುಸ್ತಕ ಬರೆದವರಲ್ಲಿ ದೊಡ್ಡ ಹೆಸರು ತರಲಾ ದಲಾಲ್ ಅವರದು. 1936ರಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡ ಈ ತಾಯಿಯ ಮೊದಲ ಪುಸ್ತಕ 1974ರದು. ಇಂಥ ಪುಸ್ತಕಗಳನ್ನು ತಿರುವಿ ಹಾಕಿದರೆ ಓಟ್ಸು, ಬ್ರೊಕೊಲಿ, ಪನೀರು, ಸೂಪು, ಸಲಾಡು ಎಂಬ ಹೆಸರುಗಳು ಮೊದಲು ಕಣ್ಣಿಗೆ ಬೀಳುತ್ತವೆ. ಹಳ್ಳಿಯ ಓದುಗರು ಅಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ. ಅದು ನಷ್ಟ. ಆ ಪುಸ್ತಕಗಳಲ್ಲಿ ಕಲಿಯಬೇಕಾದದ್ದು ಸಾಮಾನಿನ ಪಟ್ಟಿಯಲ್ಲ, ಮಾಡುವ ರೀತಿ.

ಆ ರೀತಿ ಏನೆಂದು ಹೇಳುತ್ತೇನೆ. ಒಂದು ಗ್ರಾಂ ಹಿಟ್ಟಿನ ಅಂಶದಿಂದ ಶರೀರಕ್ಕೆ 4 ಕ್ಯಾಲರಿ ಬಂದರೆ, ಒಂದು ಗ್ರಾಂ ಎಣ್ಣೆಯಿಂದ 9 ಬರುತ್ತದೆ. ಆದ್ದರಿಂದ ಹಗುರ ಅಡುಗೆಯವರು ಮೊದಲು ಕೈ ಹಾಕುವುದು ಎಣ್ಣೆಗೆ. ಆದರೆ ಎಣ್ಣೆ ಸುಮ್ಮನೆ ಬಾಣಲೆಯಲ್ಲಿ ಕುಳಿತಿರುವುದಿಲ್ಲ, ಮೂರು ಕೆಲಸ ಮಾಡುತ್ತಿರುತ್ತದೆ. ಮಸಾಲೆಯ ವಾಸನೆಯನ್ನು ಹೊತ್ತು ಪಲ್ಯಕ್ಕೆಲ್ಲ ಹಂಚುತ್ತದೆ. ತಳ ಹಿಡಿಯದಂತೆ ನೋಡಿಕೊಳ್ಳುತ್ತದೆ. ರಸಕ್ಕೆ ಒಂದು ಮೈ ಕೊಡುತ್ತದೆ. ಎಣ್ಣೆ ತೆಗೆದು ಆ ಮೂರು ಕೆಲಸಕ್ಕೆ ಬದಲಿ ವ್ಯವಸ್ಥೆ ಮಾಡದಿದ್ದರೆ ಆಗುವುದು ಪಥ್ಯದ ಅಡುಗೆ. ಅದನ್ನು ಎರಡು ದಿನ ಉಂಡು ಮೂರನೆಯ ದಿನ ಬಿಡುತ್ತಾರೆ. ಒಳ್ಳೆಯ ಪುಸ್ತಕಗಳು ಬದಲಿಯನ್ನು ಹೇಳಿಕೊಡುತ್ತವೆ. ಸಾಸಿವೆ, ಜೀರಿಗೆ, ಬೆಳ್ಳುಳ್ಳಿಯನ್ನು ಸ್ವಲ್ಪವೇ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಚೆನ್ನಾಗಿ ಅರಳಿಸುವುದು. ತಳ ಹಿಡಿಯುವ ಹೊತ್ತಿಗೆ ಎಣ್ಣೆ ಸುರಿಯದೆ ನೀರು ಚಿಮುಕಿಸಿ ಮುಚ್ಚಳ ಹಾಕುವುದು. ರಸ ಗಟ್ಟಿಯಾಗಲು ಸುಟ್ಟ ಉಳ್ಳಾಗಡ್ಡಿಯನ್ನೋ ಬೆಂದ ಕಾಳನ್ನೋ ಅರೆದು ಕೂಡಿಸುವುದು. ಇದಕ್ಕೆ ಬ್ರೊಕೊಲಿ ಬೇಕಿಲ್ಲ.

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಶಹರದ ದವಾಖಾನೆಯಲ್ಲಿ ಒಂದು ಝೆರಾಕ್ಸ್ ಹಾಳೆ ಕೊಟ್ಟಿದ್ದರು. ಅರ್ಧ ಇಂಗ್ಲಿಷ್, ಅರ್ಧ ಮರಾಠಿ. ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳಬೇಕು. ಬೆಳಿಗ್ಗೆ ಓಟ್ಸಿನ ಗಂಜಿ, ಮಧ್ಯಾಹ್ನ ಫುಲಕೆ, ರಾತ್ರಿ ಸೂಪು ಮತ್ತು ಸಲಾಡು ಎಂದಿತ್ತು. ಜೋಳದ ರೊಟ್ಟಿಯ ಹೆಸರೇ ಇರಲಿಲ್ಲ. ಹೆಸರಿಲ್ಲ ಎಂದ ಮೇಲೆ ತಿನ್ನಬಾರದು ಎಂದು ಅಕ್ಕ ತಿಳಿದುಕೊಂಡಳು. ಒಂಬತ್ತು ದಿನ ಹಾಗೆಯೇ ನಡೆಸಿದಳು. ಹತ್ತನೆಯ ದಿನ ಮೂರು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಉಂಡು ನನಗೆ ಫೋನು ಮಾಡಿದಳು: "ತಮ್ಮಾ, ಆ ಹಾಳಿ ಓದಿದ್ರ ಹೊಟ್ಟಿ ತುಂಬೂದಿಲ್ಲೋ. ಇನ್ನ ಪಥ್ಯಾ ಸಾಕು, ಗುಳಿಗಿನೂ ಸಾಕು."

ಗುಳಿಗೆಯೂ ಸಾಕು ಎಂದದ್ದು ಕೇಳಿ ನಾನು ಮರುದಿನವೇ ಬಸ್ಸು ಹತ್ತಿದೆ. ಇದು ಅಕ್ಕನೊಬ್ಬಳ ಮಾತಲ್ಲ. ತಮ್ಮದಲ್ಲದ ಅಡುಗೆಯನ್ನು, ತಮ್ಮದಲ್ಲದ ಮಾತಿನಲ್ಲಿ ಹೇಳಿದಾಗ ನಮ್ಮ ಗಡಿ ಹಳ್ಳಿಗಳ ಹಿರಿಯರು ಪಥ್ಯದ ಜೊತೆಗೆ ಔಷಧವನ್ನೂ ಬಿಟ್ಟುಬಿಡುತ್ತಾರೆ. ಆ ಅಪಾಯ ಸಣ್ಣದಲ್ಲ.

ನಾವು ಅಂದು ಕೂತು ಮೊದಲು ಮಾಡಿದ್ದು ಎಣ್ಣೆಯ ಲೆಕ್ಕ. ಅಕ್ಕನ ಮನೆಯಲ್ಲಿ ಉಣ್ಣುವವರು ಐದು ಮಂದಿ. 5 ಲೀಟರಿನ ಎಣ್ಣೆ ಡಬ್ಬ ಎಷ್ಟು ದಿನ ಬರುತ್ತದೆ ಎಂದು ಸೊಸೆಯನ್ನು ಕೇಳಿದೆ. "ಇಪ್ಪತ್ನಾಲ್ಕು ದಿನ ಬರ್ತದ್ರಿ ಮಾಮಾ" ಎಂದಳು. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ 42 ಮಿಲಿಲೀಟರಿನ ಆಸುಪಾಸು, ಅಂದರೆ ಎಂಟು ಚಹಾ ಚಮಚೆಗೂ ತುಸು ಹೆಚ್ಚು. ತೂಕದಲ್ಲಿ ಸುಮಾರು 38 ಗ್ರಾಂ. ಒಂದು ಲೀಟರು ಎಣ್ಣೆ 910 ಗ್ರಾಂ ತೂಗುತ್ತದೆ ಎಂದು ಪಾಕೀಟಿನ ಮೇಲೆಯೇ ಅಚ್ಚು ಹಾಕಿರುತ್ತಾರೆ, ನೋಡಿಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದಿನಕ್ಕೆ 2000 ಕ್ಯಾಲರಿಯ ಊಟಕ್ಕೆಂದು ಹಾಕಿಕೊಟ್ಟಿರುವ ತಟ್ಟೆಯಲ್ಲಿ ಎಣ್ಣೆ-ತುಪ್ಪ ಎಲ್ಲ ಸೇರಿ ಸುಮಾರು 27 ಗ್ರಾಂ, ಅಂದರೆ ಆರು ಚಮಚೆ. ಈ ಸಂಸ್ಥೆ ಹುಟ್ಟಿದ್ದು ನಮ್ಮ ಕೇಳುಗರೇ ಇರುವ ನೀಲಗಿರಿಯಲ್ಲಿ ಎಂಬುದು ಇಲ್ಲಿ ಹೇಳಬಹುದಾದ ಸಂಗತಿ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಶೋಧನೆಗೆಂದು ಆರಂಭಿಸಿದ್ದು, 1958ರಲ್ಲಿ ಹೈದರಾಬಾದಿಗೆ ಹೋಯಿತು.

ಎಂಟು ಚಮಚೆ ಎಲ್ಲಿ ಹೋಗುತ್ತಿತ್ತು? ಕರಿದ ತಿಂಡಿ ಅಕ್ಕನ ಮನೆಯಲ್ಲಿ ಹಬ್ಬಕ್ಕೆ ಮಾತ್ರ. ರೊಟ್ಟಿಗೆ ಎಣ್ಣೆ ತಾಕುವುದೇ ಇಲ್ಲ. ಬಿಸಿನೀರಲ್ಲಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರಿನ ಬಟ್ಟೆ ಒರೆಸಿ, ಕೆಂಡಕ್ಕೆ ಹಿಡಿದು ಉಬ್ಬಿಸುವುದು. ಯಾವ ಹಗುರ ಅಡುಗೆಯ ಪುಸ್ತಕದಲ್ಲೂ ಇದಕ್ಕಿಂತ ಹಗುರವಾದ ರೊಟ್ಟಿ ನನಗೆ ಸಿಕ್ಕಿಲ್ಲ. ಎಣ್ಣೆಯೆಲ್ಲ ಹೋಗುತ್ತಿದ್ದದ್ದು ದಿನದ ಎರಡು ಪಲ್ಯಕ್ಕೆ. ಕಾರಣ, ಎಣ್ಣೆಯ ಗಡಿಗೆಯೊಳಗೆ ಇಳಿಬಿಟ್ಟಿದ್ದ ಸೌಟು, ಮರಾಠಿಯವರು ಪಳಿ ಅನ್ನುತ್ತಾರಲ್ಲ, ಅದು. ಒಂದು ಪಳಿಗೆ ಎಷ್ಟು ಹಿಡಿಯುತ್ತದೆ ಎಂದು ಚಮಚೆಯಿಂದ ಅಳೆದರೆ ಒಂಬತ್ತು ಚಮಚೆ! ಪಲ್ಯಕ್ಕೆ ಎರಡೆರಡು ಪಳಿ. ಪಳಿಯನ್ನು ತೆಗೆದು ಗೋಡೆಗೆ ತೂಗುಹಾಕಿ, ಗಡಿಗೆಯಲ್ಲಿ ಚಹಾ ಚಮಚೆ ಇಟ್ಟೆವು. ಮುಂದಿನ ಡಬ್ಬ 33 ದಿನ ಬಂತು. ಲೆಕ್ಕ ಹಾಕಿ, ತಲೆಗೆ 30 ಮಿಲಿಲೀಟರು. ಅಡುಗೆಯ ಹೆಸರು ಒಂದೂ ಬದಲಾಗಲಿಲ್ಲ.

ಅಲ್ಲಿ ಮಾಡಿ ಉಂಡು ಮೆಚ್ಚಿದ ಕೆಲವನ್ನು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದು ಮಡಕಿ ಕಾಳಿನ ಪಲ್ಯ; ಮರಾಠಿಯಲ್ಲಿ ಮಟಕಿ. ಐದು ಮಂದಿಗೆ ಒಂದೂವರೆ ವಾಟಿ ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಸಂಜೆಗೇ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಮರುದಿನ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆಸಹಿತ ಒಲೆಯ ಮೇಲೆ ಸುಡಿ, ಹೊರಗಿನ ಕಪ್ಪು ಪದರು ಸುಲಿದು, ಆರು ಎಸಳು ಬೆಳ್ಳುಳ್ಳಿ, ಬೆರಳುದ್ದ ಹುರಿದ ಒಣಕೊಬ್ಬರಿ, ಕೊತ್ತಂಬರಿ ಸೇರಿಸಿ ನುಣ್ಣಗೆ ಅರೆಯಿರಿ. ಮೂರು ಚಮಚೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ ಸಿಡಿಸಿ, ಅರೆದದ್ದು ಹಾಕಿ, ತಳ ಹಿಡಿಯುತ್ತಿದೆ ಅನಿಸಿದಾಗಲೆಲ್ಲ ಒಂದೊಂದು ಚಿಟಿಕೆ ನೀರು ಚಿಮುಕಿಸುತ್ತ ಹಸಿ ವಾಸನೆ ಹೋಗುವ ತನಕ ಹುರಿಯಿರಿ. ಅರಿಶಿನ, ಕಾಳಾ ಮಸಾಲೆ, ಮೊಳಕೆ ಕಾಳು, ಎರಡು ವಾಟಿ ನೀರು ಹಾಕಿ ಮುಚ್ಚಿ ಬೇಯಿಸಿ. ಕಾಳು ಬೆಂದ ಮೇಲೆ ಒಂದು ಸೌಟಿನಷ್ಟನ್ನು ಬಟ್ಟಲಲ್ಲಿ ತೆಗೆದು ಹಿಸುಕಿ ಮತ್ತೆ ಕೂಡಿಸಿ. ರಸ ಗಟ್ಟಿಯಾಗುತ್ತದೆ. ಮೇಲೆ ಕೆಂಪಗೆ ತೇಲುವ ಎಣ್ಣೆ ಮಾತ್ರ ಇರುವುದಿಲ್ಲ. ಅಕ್ಕನ ಮಗ ಮೊದಲ ದಿನ "ತವಂಗಾ ಎಲ್ಲಿ?" ಎಂದು ಕೇಳಿದ. ತೇಲುವ ಎಣ್ಣೆಗೆ ನಮ್ಮಲ್ಲಿ ಮರಾಠಿಯ ಆ ಮಾತೇ ಓಡುತ್ತದೆ. ಮೂರನೆಯ ಸಲ ಮಾಡುವಷ್ಟರಲ್ಲಿ ಕೇಳುವುದನ್ನು ಬಿಟ್ಟಿದ್ದ.

ಪುಂಡಿ ಪಲ್ಯವನ್ನು ಕುರಿತು ಹೇಳದೆ ಮುಂದೆ ಹೋಗಲಾರೆ. ಮರಾಠಿಯವರಿಗೆ ಇದು ಅಂಬಾಡಿ, ಮಡಕಶಿರಾ-ಆದೋನಿ ಕಡೆಯ ತೆಲುಗರಿಗೆ ಗೋಂಗೂರ. ಮೂರು ಭಾಷೆಯ ಗಡಿಯಲ್ಲೂ ಒಂದೇ ಸೊಪ್ಪು. ಒಂದು ಕಟ್ಟು ಎಲೆ, ಅರ್ಧ ವಾಟಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿ. ಬೇಳೆ-ನುಚ್ಚು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಎಲ್ಲ ಮೆತ್ತಗಾದ ಮೇಲೆ ಕಡಗೋಲಿನಿಂದ ಕಡೆಯಿರಿ. ನುಚ್ಚು ಇರುವುದರಿಂದ ತಾನಾಗಿಯೇ ಮುದ್ದೆಯಾಗುತ್ತದೆ, ಎಣ್ಣೆಯ ಮೈ ಬೇಕಾಗುವುದಿಲ್ಲ. ಈ ಪಲ್ಯದಲ್ಲಿ ಎಣ್ಣೆ ಹೆಚ್ಚಾಗುವುದು ಒಲೆಯ ಮೇಲಲ್ಲ, ತಾಟಿನಲ್ಲಿ. ಬೆಳ್ಳುಳ್ಳಿ ಒಗ್ಗರಣೆಯನ್ನು ಒಬ್ಬೊಬ್ಬರಿಗೂ ಮೇಲಿಂದ ಸುರಿಯುವ ಪದ್ಧತಿ ನಮ್ಮದು. ಅದರ ಬದಲು ಹತ್ತು ಎಸಳು ಜಜ್ಜಿದ ಬೆಳ್ಳುಳ್ಳಿಯನ್ನು ಮೂರು ಚಮಚೆ ಎಣ್ಣೆಯಲ್ಲಿ ಕೆಂಪಗೆ ಹುರಿದು ಇಡೀ ಪಾತ್ರೆಗೆ ಒಮ್ಮೆಲೇ ಹಾಕಿ ಮುಚ್ಚಿಡಿ. ಹುಳಿ ಇರುವ ಅಡುಗೆಗೆ ಉಪ್ಪು ಕಡಿಮೆ ಸಾಕಾಗುತ್ತದೆ, ಅದು ಇನ್ನೊಂದು ಲಾಭ. ಮೂತ್ರಪಿಂಡದಲ್ಲಿ ಹರಳು ಇರುವವರು ಮಾತ್ರ ಈ ಸೊಪ್ಪನ್ನು ವೈದ್ಯರನ್ನು ಕೇಳಿ ತಿನ್ನಬೇಕು.

ಸಲಾಡು ಎಂದು ಪುಸ್ತಕದವರು ಹೇಳುವುದಕ್ಕೆ ನಮ್ಮಲ್ಲಿ ಹಸಿ ಮೆಂತ್ಯದ ಪಚಡಿ ಇದೆ. ಎಳೆಯ ಮೆಂತ್ಯ ಸೊಪ್ಪು, ಸೌತೆಕಾಯಿ, ಗಜ್ಜರಿ, ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಎರಡು ಚಮಚೆ ಶೇಂಗಾ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ. ಉಪ್ಪನ್ನು ಉಣ್ಣಲು ಕೂತ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ನೀರು ಬಿಟ್ಟು, ರುಚಿ ಹೋಗಿ, ಮತ್ತೆ ಉಪ್ಪು ಬೇಡುತ್ತದೆ. ಹಸಿ ಕುಸುಬಿ ಎಣ್ಣೆ ಹಾಕುವವರು ಇಡೀ ಬಟ್ಟಲಿಗೆ ಒಂದೇ ಚಮಚೆ ಹಾಕಿ.

ಇನ್ನು ನಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ. ಇದನ್ನು ಹಗುರ ಮಾಡುತ್ತೇವೆಂದು ಕೆಲವರು ಪುಟಾಣಿ ಬೆರೆಸುತ್ತಾರೆ. ದಯವಿಟ್ಟು ಬೇಡಿ. ಶೇಂಗಾವನ್ನು ಒರಳಲ್ಲಿ ಕುಟ್ಟಿದಾಗ ಬಿಡುವ ಅದರದೇ ಎಣ್ಣೆಯಲ್ಲೇ ಆ ಚಟ್ನಿಯ ಜೀವ ಇರುವುದು. 100 ಗ್ರಾಂ ಶೇಂಗಾದಲ್ಲಿ 40 ಗ್ರಾಂ ಆಸುಪಾಸು ಎಣ್ಣೆಯೇ ಇದೆ ಎಂಬುದನ್ನು ನೆನಪಿಟ್ಟು, ಎರಡು ಚಮಚೆ ಹಾಕಿಕೊಂಡು ಡಬ್ಬಿಯ ಮುಚ್ಚಳ ಹಾಕಿಬಿಡಿ. ಮೇಲೆ ಮತ್ತೆ ಹಸಿ ಎಣ್ಣೆ ಸುರಿದು ಕಲಸುವುದನ್ನು ಬಿಟ್ಟು ಮೊಸರಲ್ಲಿ ಕಲಸಿಕೊಳ್ಳಿ.

ಈಗ ರೊಟ್ಟಿಯ ಲೆಕ್ಕಕ್ಕೆ ಬರುತ್ತೇನೆ. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. "ಜೋಳಕ್ಕೆ ಸಕ್ಕರೆ ಏರೂದಿಲ್ಲ, ಎಷ್ಟು ತಿಂದ್ರೂ ನಡೀತದ" ಎಂಬ ಮಾತು 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಆಚರಿಸಿದ ಮೇಲಂತೂ ಊರೂರಲ್ಲಿ ಕೇಳುತ್ತಿದೆ. ಜೋಳ ಒಳ್ಳೆಯದು, ಸಂಶಯವಿಲ್ಲ. ನಮ್ಮ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಹೆಚ್ಚಿದ್ದಷ್ಟೂ ಊಟ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ, ಹಸಿವೆ ತಡವಾಗಿ ಆಗುತ್ತದೆ. ಆದರೆ ಸಕ್ಕರೆಯಾಗಿ ರಕ್ತಕ್ಕೆ ಸೇರುವ ಹಿಟ್ಟಿನ ಅಂಶ ನೋಡಿ: ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ಜೋಳದಲ್ಲಿ 68 ಗ್ರಾಂ ಇದೆ. ಅಂತರ ಇಷ್ಟೇ. ಎರಡು ರೊಟ್ಟಿಯ ಬದಲು ನಾಲ್ಕು ತಿಂದರೆ ಆ ಅಂತರ ಅಲ್ಲೇ ಮುಳುಗಿ ಹೋಗುತ್ತದೆ.

ಅಕ್ಕನ ಒಂದು ರೊಟ್ಟಿಗೆ ಎಷ್ಟು ಹಿಟ್ಟು ಎಂದು ತೂಗಿದೆವು. 75 ಗ್ರಾಂ ಬಂತು, ಅಂದರೆ ಒಂದಕ್ಕೆ 250 ಕ್ಯಾಲರಿ. ನಾನು ಆಗ ಹೇಳಿದ 2000 ಕ್ಯಾಲರಿಯ ತಟ್ಟೆಯಲ್ಲಿ ಇಡೀ ದಿನಕ್ಕೆ ಧಾನ್ಯ ಸುಮಾರು 250 ಗ್ರಾಂ. ಅನ್ನ, ಅವಲಕ್ಕಿ, ಉಪ್ಪಿಟ್ಟು ಏನೂ ಇಲ್ಲದಿದ್ದರೂ ಮೂರು ರೊಟ್ಟಿ, ಮೇಲೆ ಒಂದು ಚೂರು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಇದು ಸಾಲದು, ಅವರ ಲೆಕ್ಕ ಬೇರೆ. ಮನೆಯಲ್ಲಿ ಕೂತು ಕಾಳು ಹಸನು ಮಾಡುವ ಅರವತ್ತೈದು ದಾಟಿದ ಜೀವಕ್ಕೆ ಅಷ್ಟು ಸಾಕು. ಅಕ್ಕ ಮೂರನ್ನು ಎರಡಕ್ಕೆ ಇಳಿಸಿದಳು. ಒಂದು ರೊಟ್ಟಿಯ ಜಾಗವನ್ನು ಒಂದು ಬಟ್ಟಲು ಕಾಳುಪಲ್ಯ, ಒಂದು ಬಟ್ಟಲು ಪಚಡಿ ತುಂಬಿದವು. ಮೊದಲು ಪಚಡಿ ಮುಗಿಸಿ ಆಮೇಲೆ ರೊಟ್ಟಿ ಮುರಿಯುವುದು ಎಂಬ ನಿಯಮವನ್ನು ಅವಳೇ ಹಾಕಿಕೊಂಡಳು, ನಾನು ಹೇಳಿದ್ದಲ್ಲ. ನಾಲ್ಕು ತಿಂಗಳ ಮೇಲೆ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಗುಳಿಗೆ ಮಾತ್ರ ಮೊದಲಿನಷ್ಟೇ ಇದೆ. ಅದನ್ನು ಕಡಿಮೆ ಮಾಡುವುದು, ಬಿಡುವುದು ಡಾಕ್ಟರ ಕೆಲಸ, ನಮ್ಮದಲ್ಲ ಎಂದು ಮೊಮ್ಮಗಳ ಕೈಯಲ್ಲಿ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದೇವೆ. ಅಷ್ಟು ಕನ್ನಡ ಅಕ್ಷರ ಆ ಹುಡುಗಿ ಅಜ್ಜಿಯ ಹತ್ತಿರವೇ ಕಲಿತಳು, ಅದೊಂದು ಬೇರೆ ಸಂತೋಷ.

ಉಪ್ಪಿನ ವಿಷಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ, ಅಂದರೆ ಮಟ್ಟಸವಾಗಿ ಒಂದು ಚಹಾ ಚಮಚೆ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಪಾಕೀಟು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಫರಸಾಣದಲ್ಲಿ ಬರುವ ಉಪ್ಪು ಇದರ ಹೊರಗಿನದು. ನಿಮ್ಮ ಮನೆಯ ಪಾಕೀಟಿನ ಮೇಲೆ ಒಡೆದ ದಿನದ ತಾರೀಖು ಬರೆದಿಡಿ, ಸಾಕು.

ಬೇರೆ ಗಡಿಗಳ ಕೇಳುಗರು, ಇವರು ಜೋಳವನ್ನೇ ಹಿಡಿದು ಕೂತರಲ್ಲ ಎನ್ನಬಹುದು. ಲೆಕ್ಕ ನಿಮಗೂ ಇದೇ, ಸಾಮಾನು ಬೇರೆ. ಕಾಸರಗೋಡಿನವರಿಗೆ ತಂಬುಳಿ ಇದೆ. ಹತ್ತು ದೊಡ್ಡಪತ್ರೆ ಎಲೆ, ಜೀರಿಗೆ, ಕಾಳುಮೆಣಸನ್ನು ಹನಿ ತುಪ್ಪದಲ್ಲಿ ಬಾಡಿಸಿ, ಅರೆದು, ಮಜ್ಜಿಗೆಗೆ ಕದಡಿದರೆ ಆಯಿತು. ಅಲ್ಲಿ ನೋಡಿಕೊಳ್ಳಬೇಕಾದದ್ದು ತೆಂಗಿನಕಾಯಿಯ ಹೋಳನ್ನು. ಅರ್ಧ ಹೋಳಿನ ಬದಲು ಎರಡು ಚಮಚೆ ತುರಿ ಸಾಕು. ತಾಳವಾಡಿ, ಹೊಸೂರಿನವರ ರಾಗಿಮುದ್ದೆ, ಉಪ್ಪುಸಾರಿಗೆ ಎಣ್ಣೆಯೇ ಬೇಡ, ಅದು ನಮ್ಮ ರೊಟ್ಟಿಗಿಂತ ಒಂದು ಕೈ ಮೇಲೆ. ಆದರೆ ಮುದ್ದೆಯ ಗಾತ್ರವನ್ನೂ, ಹೆಸರಲ್ಲೇ ಇರುವ ಆ ಉಪ್ಪನ್ನೂ ನೋಡಿಕೊಳ್ಳಬೇಕು.

ಕೊನೆಗೆ ರಾತ್ರಿಯ ಊಟ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿ ಬಿಟ್ಟರೆ ಮತ್ತೇನು ಎಂದು ಬಹಳ ಮಂದಿ ಕೇಳುತ್ತಾರೆ. ಒಂದು ವಾಟಿ ಜೋಳದ ನುಚ್ಚನ್ನು ತೊಳೆದು, ಕುದಿಯುವ ಐದು ವಾಟಿ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವುತ್ತ ಮೆತ್ತಗೆ ಬೇಯಿಸಿ. ಆರಿದ ಮೇಲೆ ಬೆಣ್ಣೆ ತೆಗೆದ ಮಜ್ಜಿಗೆ, ಹುರಿದ ಜೀರಿಗೆಯ ಪುಡಿ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಕೂಡಿಸಿ. ಮೂವರಿಗೆ ಆಗುತ್ತದೆ. ಮೆತ್ತಗೆ ಬೆಂದದ್ದು ಬೇಗ ಜೀರ್ಣವಾಗುವುದರಿಂದ ಸಕ್ಕರೆ ಕಾಯಿಲೆಯವರು ಒಂದೇ ಬಟ್ಟಲು ಉಣ್ಣಬೇಕು. ಬದಿಗೆ ಒಂದಿಷ್ಟು ಬೇಯಿಸಿದ ಸೊಪ್ಪೋ ಕಾಳೋ ಇರಲಿ. ಕಟಕಟೆ ಬೇಕೆನ್ನುವವರು ಹಪ್ಪಳವನ್ನು ಕರಿಯದೆ ಕೆಂಡದ ಮೇಲೆ ಸುಟ್ಟುಕೊಳ್ಳಬಹುದು, ಒಂದು, ಅದೂ ಅರ್ಧ ಮುರಿದು ಪಕ್ಕದವರಿಗೆ ಕೊಟ್ಟು.